ಯುದ್ಧಚಿತ್ರದ ಕಣ್ಣೀರು: ಶೋಕ, ಋಣ ಮತ್ತು ರಾಜಕಾರಣ

ಯುದ್ಧವನ್ನು ವಸ್ತುವಾಗಿರಿಸಿಕೊಂಡ ಚಲನಚಿತ್ರಗಳನ್ನು ಕುರಿತ ಕನ್ನಡದ ಚರ್ಚೆ ಬಹುಮಟ್ಟಿಗೆ ಎರಡು ನೆಲೆಗಳಲ್ಲಿ ನಿಂತುಬಿಟ್ಟಿದೆ. ಇವು ಜನಪ್ರಿಯ ಮನರಂಜನೆಯ ಸರಕು, ಗಂಭೀರ ವಿಮರ್ಶೆಗೆ ಅರ್ಹವಲ್ಲ ಎಂಬುದು ಒಂದು ನೆಲೆ. ಇವು ಪ್ರಭುತ್ವದ ಪ್ರಚಾರಸಾಮಗ್ರಿ, ಇವುಗಳಲ್ಲಿರುವ ಘೋಷಣೆ, ಬಾವುಟ, ಶತ್ರುನಿಂದೆಗಳನ್ನು ಎತ್ತಿ ತೋರಿಸಿದರೆ ವಿಮರ್ಶೆಯ ಹೊಣೆ ತೀರಿತು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಉದಾಸೀನವಿದೆ, ಎರಡನೆಯದರಲ್ಲಿ ಅವಸರವಿದೆ. ಚಿತ್ರಮಂದಿರದಿಂದ ಹೊರಬರುವ ಪ್ರೇಕ್ಷಕನ ಕಣ್ಣು ಒದ್ದೆಯಾಗಿರುತ್ತದೆ ಎಂಬ ಸರಳ ಸಂಗತಿಯನ್ನು ಎರಡೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಘೋಷಣೆಗಳನ್ನು ಅವನು ಮನೆ ಸೇರುವುದರೊಳಗೆ ಮರೆಯಬಹುದು. ಸತ್ತವನ ಕಿಸೆಯಲ್ಲಿ ಸಿಕ್ಕ ಕಾಗದವನ್ನು, ಆ ಕಾಗದಕ್ಕಾಗಿ ಊರಿನಲ್ಲಿ ಕಾಯುತ್ತಿದ್ದ ಹೆಂಗಸಿನ ಮುಖವನ್ನು ಮರೆಯುವುದಿಲ್ಲ. ಯುದ್ಧಚಿತ್ರದ ರಾಜಕೀಯ ಶಕ್ತಿಯ ಮೂಲವನ್ನು ಅದರ ಶೌರ್ಯದಲ್ಲಿ ಹುಡುಕುವುದಕ್ಕಿಂತ ಅದರ ಶೋಕದಲ್ಲಿ ಹುಡುಕುವುದು ಹೆಚ್ಚು ಫಲಕಾರಿ ಎಂಬುದು ಪ್ರಸ್ತುತ ಲೇಖನದ ವಾದ.

ಜೆ. ಪಿ. ದತ್ತಾ ನಿರ್ದೇಶಿಸಿದ ‘ಬಾರ್ಡರ್’ (1997) ಚಿತ್ರವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೋಂಗೇವಾಲಾ ಠಾಣೆಯ ಮೇಲೆ ಪಾಕಿಸ್ತಾನದ ಟ್ಯಾಂಕುಗಳು ಬಂದವು. ಪಂಜಾಬ್ ರೆಜಿಮೆಂಟಿನ ಇಪ್ಪತ್ತಮೂರನೆಯ ಬೆಟಾಲಿಯನ್ನಿಗೆ ಸೇರಿದ ಒಂದು ಕಂಪನಿ, ಸುಮಾರು 120 ಮಂದಿ, ಗಡಿ ಭದ್ರತಾ ಪಡೆಯ ಕೆಲವರೊಡನೆ ರಾತ್ರಿಯೆಲ್ಲ ಠಾಣೆಯನ್ನು ಹಿಡಿದು ನಿಂತಿತು. ಬೆಳಕು ಹರಿದ ಮೇಲೆ ಜೈಸಲ್ಮೇರಿನಿಂದ ಬಂದ ಹಂಟರ್ ವಿಮಾನಗಳು ಟ್ಯಾಂಕುಗಳನ್ನು ಒಂದೊಂದಾಗಿ ಹೊಡೆದು ಕೆಡವಿದವು. ಭಾರತೀಯ ಸೇನೆಗೆ ದೊರೆತ ಈ ಗೆಲುವು ಅಸಾಮಾನ್ಯವಾದುದು. ಅದಕ್ಕಿಂತ ಅಸಾಮಾನ್ಯವಾದುದೆಂದರೆ, ದಾಖಲಾಗಿರುವಂತೆ ಠಾಣೆಯನ್ನು ಕಾಯ್ದವರಲ್ಲಿ ಸತ್ತವರು ಕೇವಲ ಇಬ್ಬರು.

ಚಿತ್ರ ಈ ಲೆಕ್ಕವನ್ನು ಒಪ್ಪುವುದಿಲ್ಲ. ಪ್ರೇಕ್ಷಕ ಯಾರ ಮನೆ, ಮದುವೆ, ತಾಯಿಯರನ್ನು ಚೆನ್ನಾಗಿ ಅರಿತಿದ್ದಾನೋ ಅಂಥವರನ್ನೇ ಅದು ಒಬ್ಬೊಬ್ಬರನ್ನಾಗಿ ಸಾಯಿಸುತ್ತದೆ. ಸುನೀಲ್ ಶೆಟ್ಟಿ ಅಭಿನಯಿಸಿದ ಭೈರೋನ್ ಸಿಂಗ್ ಎಂಬ ಪಾತ್ರ ಅವರಲ್ಲೊಂದು. ಈ ಪಾತ್ರಕ್ಕೆ ಮೂಲವಾದ ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್ ರಾಥೋಡ್ ಲೋಂಗೇವಾಲಾದಲ್ಲಿ ಸಾಯಲಿಲ್ಲ. 1972ರಲ್ಲಿ ಸೇನಾ ಪದಕ ಪಡೆದು, ನಿವೃತ್ತರಾಗಿ, ತಮ್ಮದೇ ಹೆಸರಿನ ಪಾತ್ರ ತೆರೆಯ ಮೇಲೆ ಹುತಾತ್ಮನಾಗಿ ಇಪ್ಪತ್ತೈದು ವರ್ಷ ಕಳೆದ ಮೇಲೆ, 2022ರ ಡಿಸೆಂಬರಿನಲ್ಲಿ ಜೋಧಪುರದಲ್ಲಿ ತೀರಿಕೊಂಡರು. ಬದುಕಿರುವ ವೀರನೊಬ್ಬನನ್ನು ಕಥನ ಏಕೆ ಕೊಲ್ಲಬೇಕಾಯಿತು? ಇತಿಹಾಸಕ್ಕೆ ಅಪಚಾರವಾಯಿತೆಂದು ದೂರಿ ಸುಮ್ಮನಾಗುವ ಪ್ರಶ್ನೆ ಇದಲ್ಲ. ಗೆಲುವೊಂದೇ ಸಾಕಾಗುವಂತಿದ್ದರೆ ಲೋಂಗೇವಾಲಾಕ್ಕಿಂತ ಉತ್ತಮವಾದ ವಸ್ತು ಇನ್ನೊಂದಿರಲಿಲ್ಲ. ಗೆಲುವು ಹೆಮ್ಮೆಯನ್ನು ಕೊಡುತ್ತದೆ, ಆದರೆ ಪ್ರೇಕ್ಷಕನನ್ನು ಕಟ್ಟಿಹಾಕುವುದಿಲ್ಲ. ಕಟ್ಟಿಹಾಕುವ ಶಕ್ತಿ ಸಾವಿಗೆ ಮಾತ್ರ ಇದೆ ಎಂಬುದು ಚಿತ್ರದ ನಿರ್ಮಾತೃಗಳಿಗೆ ಅವರ ವಿಮರ್ಶಕರಿಗಿಂತ ಚೆನ್ನಾಗಿ ತಿಳಿದಿತ್ತು. ಊರಿನಿಂದ ಬಂದ ಕಾಗದಗಳನ್ನು ಯೋಧರು ಓದುವ ಆ ಚಿತ್ರದ ದೀರ್ಘ ಹಾಡು ಇಂದಿಗೂ ಮದುವೆಮನೆಗಳಲ್ಲಿಯೂ ಕೇಳಿಬರುತ್ತದೆ. ಟ್ಯಾಂಕುಗಳ ದೃಶ್ಯವನ್ನು ಹಾಗೆ ನೆನೆಯುವವರು ಕಡಿಮೆ.

ರಸಸಿದ್ಧಾಂತದ ಪರಿಭಾಷೆಯಲ್ಲಿ ಇದನ್ನು ಹೆಚ್ಚು ಖಚಿತವಾಗಿ ಹೇಳಲು ಸಾಧ್ಯವಿದೆ. ಉತ್ಸಾಹ ವೀರಕ್ಕೆ ಸ್ಥಾಯಿ, ಶೋಕ ಕರುಣಕ್ಕೆ ಸ್ಥಾಯಿ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತನು ರಸಗಳಿಂದ ರಸಗಳು ಹುಟ್ಟುವ ಕ್ರಮವನ್ನು ಹೇಳುವಾಗ ವೀರದಿಂದ ಅದ್ಭುತವೂ ರೌದ್ರದಿಂದ ಕರುಣವೂ ಹುಟ್ಟುತ್ತವೆ ಎನ್ನುತ್ತಾನೆ. ರೌದ್ರದ ಕರ್ಮ ಮುಗಿದ ಮೇಲೆ ಉಳಿಯುವುದು ಕರುಣ. ಕುರುಕ್ಷೇತ್ರದ ನಂತರ ಸ್ತ್ರೀಪರ್ವ ಬರುತ್ತದೆ. ಜನಪ್ರಿಯ ಯುದ್ಧಚಿತ್ರ ಈ ಕ್ರಮವನ್ನು ತಿರುಗಿಸಿದೆ. ಅಲ್ಲಿ ಕರುಣ ಮೊದಲು, ರೌದ್ರ ಅನಂತರ. ಆದಿತ್ಯ ಧರ್ ನಿರ್ದೇಶನದ ‘ಉರಿ’ (2019) ಚಿತ್ರದಲ್ಲಿ ಹತನಾದ ಅಧಿಕಾರಿಯ ಪುಟ್ಟ ಮಗಳು ತಂದೆಯ ಶವದ ಮುಂದೆ ಅಳುತ್ತಲೇ ಅವನ ಪಡೆಯ ಯುದ್ಧಘೋಷವನ್ನು ಕೂಗುತ್ತಾಳೆ. ಕಣ್ಣೀರು ಘೋಷವಾಗಿ ಮಾರ್ಪಡುವ ಈ ಒಂದು ಗಳಿಗೆಯಲ್ಲಿ ಇಡೀ ಚಿತ್ರದ ರಚನೆ ಅಡಗಿದೆ. ಮುಂದೆ ಗಡಿಯಾಚೆ ನಡೆಯುವ ಕಾರ್ಯಾಚರಣೆಗೆ ಬೇರೆ ಸಮರ್ಥನೆ ಬೇಕಾಗುವುದಿಲ್ಲ. ಮಗುವಿನ ಅಳುವನ್ನು ಪ್ರಶ್ನಿಸುವ ಎದೆ ಯಾರಿಗಿದೆ? ಆ ಚಿತ್ರದ ಸೈನಿಕರು ಪರಸ್ಪರರ ಹುರುಪನ್ನು ವಿಚಾರಿಸುವ ಮಾತು ಬಿಡುಗಡೆಯಾದ ಎಂಟೇ ದಿನಗಳಲ್ಲಿ, ಮುಂಬಯಿಯ ಚಲನಚಿತ್ರ ವಸ್ತುಸಂಗ್ರಹಾಲಯದ ಉದ್ಘಾಟನೆಯಲ್ಲಿ ಪ್ರಧಾನಮಂತ್ರಿಗಳ ಬಾಯಲ್ಲಿ ಬಂತು. ಫೆಬ್ರುವರಿ 1ರ ಮಧ್ಯಂತರ ಬಜೆಟ್ಟಿನ ಭಾಷಣದಲ್ಲಿ ಚಿತ್ರದ ಪ್ರಸ್ತಾಪವಾಯಿತು. ಹಾಗೆ ಹೊರಬಂದದ್ದು ಹುರುಪಿನ ಮಾತು ಮಾತ್ರ. ಅದಕ್ಕೆ ಬಲ ಕೊಟ್ಟ ಅಳು ಚಿತ್ರದೊಳಗೇ ಉಳಿಯಿತು.

ಇದನ್ನು ಒಂದು ಪಕ್ಷದ, ಒಂದು ದಶಕದ ವಿದ್ಯಮಾನವೆಂದು ತಿಳಿಯುವುದು ತಪ್ಪಾಗುತ್ತದೆ. ಚೇತನ್ ಆನಂದರ ‘ಹಕೀಕತ್’ (1964) ಚಿತ್ರ ತೆರೆಕಂಡಾಗ 1962ರ ಸೋಲಿಗೆ ಎರಡೇ ವರ್ಷ. ಚಿತ್ರ ನೆಹರೂ ಅವರಿಗೆ ಮತ್ತು ಲಡಾಖಿನ ಯೋಧರಿಗೆ ಅರ್ಪಿತವಾಗಿತ್ತು. ಲಡಾಖಿನ ಹಿಮದಲ್ಲಿ ಹಿಂದೆ ಸರಿಯಬೇಕಾಗಿ ಬಂದ ಒಂದು ತುಕಡಿಯ ಕಥೆ ಅದು. ಅಲ್ಲಿ ಗೆಲುವಿಲ್ಲ, ಎದುರಾಳಿಯ ಸಂಖ್ಯೆ ಅಪಾರ, ಕೈಯಲ್ಲಿರುವ ಮದ್ದುಗುಂಡು ಅಲ್ಪ. ಸಾಕಷ್ಟು ಉಡುಪೂ ಆಯುಧವೂ ಇಲ್ಲದೆ ಸೈನಿಕರನ್ನು ಅಷ್ಟು ಎತ್ತರಕ್ಕೆ ಕಳಿಸಿದವರು ಯಾರು ಎಂಬ ಪ್ರಶ್ನೆ ಆಗ ಸಂಸತ್ತಿನಲ್ಲಿ, ಪತ್ರಿಕೆಗಳಲ್ಲಿ ಉರಿಯುತ್ತಿತ್ತು. ರಕ್ಷಣಾ ಸಚಿವ ಕೃಷ್ಣ ಮೆನನ್ ಅದೇ ಕಾರಣಕ್ಕೆ ಹುದ್ದೆ ಬಿಡಬೇಕಾಗಿ ಬಂದಿತ್ತು. ಚಿತ್ರದಲ್ಲಿ ಆ ಪ್ರಶ್ನೆ ಸದ್ದಿಲ್ಲದೆ ಕರಗಿಹೋಗುತ್ತದೆ. ಕೊನೆಯಲ್ಲಿ ಕೈಫಿ ಆಜ್ಮಿಯವರ ರಚನೆ, ಮದನ್ ಮೋಹನರ ಸಂಗೀತ, ಮಹಮ್ಮದ್ ರಫಿಯವರ ಕಂಠ ಸೇರಿ ಸತ್ತವರ ದನಿಯೊಂದು ಏಳುತ್ತದೆ. ಹಿಮದ ಮೇಲೆ ಬಿದ್ದ ದೇಹಗಳನ್ನು ಕ್ಯಾಮರಾ ಹಾದುಹೋಗುತ್ತಿರುವಾಗ ಆ ದನಿ ನಾಡನ್ನು ಬದುಕಿರುವವರ ಕೈಗೆ ಒಪ್ಪಿಸುತ್ತದೆ. ಅರವತ್ತು ವರ್ಷ ಕಳೆದರೂ ಆ ಹಾಡು ಕೇಳಿದಾಗ ಗಂಟಲು ಕಟ್ಟದವರು ವಿರಳ. ಸೋತ ರಾಷ್ಟ್ರವೊಂದು ತನ್ನ ಸೋಲನ್ನು ಶೋಕವಾಗಿ ಮಾರ್ಪಡಿಸಿಕೊಂಡ ಪರಿ ಇದು. ಸೋಲಿಗೆ ಉತ್ತರದಾಯಿಗಳಿರುತ್ತಾರೆ, ಶೋಕಕ್ಕೆ ವಾರಸುದಾರರು ಮಾತ್ರ.

ಕನ್ನಡ ಸಂಶೋಧಕರಿಗೆ ಚಿರಪರಿಚಿತವಾದ ಒಂದು ಪರಿಕಲ್ಪನೆ ಇಲ್ಲಿ ನೆರವಾಗಬಹುದು. ಹಳಗನ್ನಡದ ಶಾಸನಗಳೂ ಕಾವ್ಯಗಳೂ ಯೋಧನ ಬಲಿದಾನವನ್ನು ಜೋಳವಾಳಿ, ಲೆಂಕವಾಳಿ, ವೇಳೆವಾಳಿ ಎಂಬ ಮಾತುಗಳಲ್ಲಿ ಗ್ರಹಿಸಿದವು. ಒಡೆಯನ ಜೋಳವನ್ನುಂಡವನು ಆ ಋಣವನ್ನು ರಣದಲ್ಲಿ ತೀರಿಸುತ್ತಾನೆ. ವೇಳೆಗೊಂಡವನು ಒಡೆಯನೊಡನೆ ಸಾಯುತ್ತಾನೆ. ಪಂಪನ ಕರ್ಣನ ಇಡೀ ಸಂಕಟ ಈ ಋಣದ ಸುತ್ತ ಹೆಣೆದುಕೊಂಡಿದೆ. ಇಲ್ಲಿ ಋಣಿ ಯೋಧ. ಸಾವಿನೊಂದಿಗೆ ಅವನ ಲೆಕ್ಕ ಚುಕ್ತಾ ಆಗುತ್ತದೆ. ಆಧುನಿಕ ಯುದ್ಧಚಿತ್ರ ಈ ಸಂಬಂಧವನ್ನು ಬುಡಮೇಲು ಮಾಡಿದೆ. ಯೋಧ ಸತ್ತಾಗ ಲೆಕ್ಕ ಮುಗಿಯುವುದಿಲ್ಲ, ತೊಡಗುತ್ತದೆ. ಋಣಿ ಈಗ ಚಿತ್ರಮಂದಿರದ ಕತ್ತಲಲ್ಲಿ ಕುಳಿತ ನಾಗರಿಕ. ಸತ್ತವನಿಗೆ ಸಲ್ಲಬೇಕಾದುದನ್ನು ಸಲ್ಲಿಸಲು ಅವನಿಗೆ ದಾರಿಯಿಲ್ಲ, ಏಕೆಂದರೆ ಸತ್ತವನು ಇಸಿದುಕೊಳ್ಳಲು ಬರಲಾರ. ತೀರದ ಋಣವೊಂದು ಹೀಗೆ ಲಕ್ಷಾಂತರ ಜನರ ಎದೆಯಲ್ಲಿ ಉಳಿದಾಗ, ಸತ್ತವನ ಪರವಾಗಿ ಅದನ್ನು ವಸೂಲು ಮಾಡಲು ಬರುವವರು ಬದುಕಿರುವವರೇ ಆಗಿರುತ್ತಾರೆ. ಚುನಾವಣೆಯ ವೇದಿಕೆಯಲ್ಲಿ, ದೂರದರ್ಶನದ ಚರ್ಚೆಯಲ್ಲಿ, ಪ್ರಶ್ನೆ ಕೇಳಿದ ವಿದ್ಯಾರ್ಥಿಯ ಮುಂದೆ, ಗಡಿಯಲ್ಲಿ ಸತ್ತವನ ಹೆಸರನ್ನು ಎತ್ತಿ ಬಾಯಿ ಮುಚ್ಚಿಸುವ ರೂಢಿಯ ಬೇರು ಇಲ್ಲಿದೆ. ವಿಮರ್ಶೆ ಈ ಋಣದ ಹಸ್ತಾಂತರವನ್ನು ಗುರುತಿಸದೆ ಬಾವುಟಗಳನ್ನು ಎಣಿಸುತ್ತ ಕುಳಿತರೆ ಪ್ರೇಕ್ಷಕನಿಗೆ ಅದು ತನ್ನ ಅಳುವಿಗೆ ಮಾಡಿದ ಅವಮಾನವಾಗಿ ಮಾತ್ರ ಕೇಳಿಸುತ್ತದೆ. ಹಾಗೆ ಕೇಳಿಸಿದರೆ ಅವನ ತಪ್ಪೇನೂ ಇಲ್ಲ.

ಯುದ್ಧಚಿತ್ರವನ್ನು ಆಧುನಿಕ ವೀರಗಲ್ಲು ಎಂದು ಕರೆಯುವ ಆಸೆ ಇಲ್ಲಿ ಸಹಜವಾಗಿ ಹುಟ್ಟುತ್ತದೆ. ಹೋಲಿಕೆಗಳೇನೋ ಇವೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ಚಿತ್ರ, ಮೇಲೆ ಲಿಂಗದ ಸನ್ನಿಧಿಯಲ್ಲಿ ಅವನ ಕೈಲಾಸಪ್ರಾಪ್ತಿ. ಕೆಳಗಿನಿಂದ ಮೇಲಕ್ಕೆ ಓದಿಸುವ ಈ ಮೂರು ಚೌಕಟ್ಟುಗಳಲ್ಲಿ ಚಲನೆಯ ಒಂದು ಕಥನವಿದೆ. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ ಎಂಬ ಆಶಯದ ಸಂಸ್ಕೃತ ಶ್ಲೋಕ ನೂರಾರು ಕಲ್ಲುಗಳಲ್ಲಿ ಸಿದ್ಧವಾಕ್ಯದಂತೆ ಮರುಕಳಿಸುತ್ತದೆ. ಆದರೆ ಭೇದಗಳು ಹೋಲಿಕೆಗಳಿಗಿಂತ ಮುಖ್ಯ. ವೀರಗಲ್ಲು ಅಮೂರ್ತವಾದ ರಾಷ್ಟ್ರಕ್ಕಾಗಿ ನಿಂತದ್ದಲ್ಲ. ತುರುಗೋಳಿನಲ್ಲಿ ಹೋದ ದನಗಳನ್ನು ಮರಳಿಸಲು, ಪೆಣ್ಬುಯ್ಯಲಿನಲ್ಲಿ ಹೆಂಗಸರ ಮಾನ ಕಾಯಲು, ಊರಳಿವಿನಲ್ಲಿ ಊರನ್ನು ಉಳಿಸಲು ಹೋರಿ ಮಡಿದವನ ಕಲ್ಲು ಅದು. ಅವನು ಯಾತಕ್ಕಾಗಿ ಸತ್ತನೆಂಬುದು ಅದನ್ನು ನೆಟ್ಟವರಿಗೆ ಸ್ಪಷ್ಟವಾಗಿ ಗೊತ್ತಿತ್ತು, ಏಕೆಂದರೆ ಆ ದನಗಳು ಅವರ ಕೊಟ್ಟಿಗೆಯಲ್ಲಿಯೇ ಇದ್ದವು.

ಇನ್ನೊಂದು ಭೇದವನ್ನು ಆತಕೂರಿನ ಪ್ರಸಿದ್ಧ ಕಲ್ಲು ತೋರಿಸುತ್ತದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನು ಗಂಗರ ಬೂತುಗನಿಂದ ಮೆಚ್ಚುಗೆಯಾಗಿ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದರೊಡನೆ ಕಾದಿ ಸತ್ತಿತು. ಹಂದಿಯೂ ಜೊತೆಗೇ ಸತ್ತಿತು. ಹತ್ತನೆಯ ಶತಮಾನದ ಮಧ್ಯಭಾಗದ ಈ ಕಲ್ಲಿನಲ್ಲಿ ಚೋಳರೊಡನೆ ನಡೆದ ಮಹಾಯುದ್ಧ ಅಕ್ಷರಗಳಲ್ಲಿದೆ, ಚಿತ್ರದಲ್ಲಿರುವುದು ನಾಯಿ ಮತ್ತು ಹಂದಿ. ಎರಡೂ ಒಂದೇ ಎತ್ತರದಲ್ಲಿ, ಮುಖಕ್ಕೆ ಮುಖ ಕೊಟ್ಟು ನಿಂತಿವೆ. ಎದುರಾಳಿಗೆ ಅಷ್ಟು ಜಾಗ ಬಿಡುವ ಧಾರಾಳ ಇಂದಿನ ಯುದ್ಧಚಿತ್ರಗಳಲ್ಲಿ ಅಪರೂಪ.

ಯಾರ ಸಾವಿಗೆ ಅಳಲು ಅವಕಾಶವಿದೆ ಎಂಬುದೇ ಆದ್ದರಿಂದ ಯುದ್ಧಚಿತ್ರದ ಕೇಂದ್ರ ಪ್ರಶ್ನೆ. ಇದಕ್ಕೆ ಕನ್ನಡ ಕಾವ್ಯಪರಂಪರೆ ಕೊಟ್ಟ ಉತ್ತರ ಬೆರಗು ಹುಟ್ಟಿಸುವಂಥದು. ರನ್ನನ ಆಶ್ರಯದಾತ ಸತ್ಯಾಶ್ರಯ. ಕಾವ್ಯದಲ್ಲಿ ಅವನು ಭೀಮನೊಡನೆ ಅಭೇದ. ಗೆದ್ದವನ ಆಸ್ಥಾನದಲ್ಲಿ, ಗೆದ್ದವನ ಹೆಸರಿನಲ್ಲಿ ಹುಟ್ಟಿದ ಗದಾಯುದ್ಧದ ಹೃದಯಭಾಗವಿರುವುದು ಮಾತ್ರ ಸೋತ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ನಡೆಯುವ ಪ್ರಸಂಗದಲ್ಲಿ. ದ್ರೋಣ, ಲಕ್ಷಣಕುಮಾರ, ದುಶ್ಶಾಸನ, ಕರ್ಣ ಎಂದು ತನ್ನವರ ಮುಂದೆ ನಿಂತು ಶೋಕಿಸುವ ಅವನು ಶತ್ರುವಿನ ಮಗನಾದ ಅಭಿಮನ್ಯುವಿನ ಹೆಣದ ಮುಂದೆಯೂ ನಿಲ್ಲುತ್ತಾನೆ, ಆ ಹುಡುಗನ ಪರಾಕ್ರಮವನ್ನು ಹೊಗಳುತ್ತಾನೆ, ಅಂಥ ಮರಣ ತನಗೂ ಬರಲಿ ಎಂದು ಬಯಸುತ್ತಾನೆ. ಈ ಕಾವ್ಯದಲ್ಲಿ ದುರಂತನಾಯಕನನ್ನು ಕಂಡ ಬಿ. ಎಂ. ಶ್ರೀಯವರು ಇದನ್ನು ನಾಟಕವಾಗಿ ಸಂಗ್ರಹಿಸಿದ್ದು ಕಾಕತಾಳೀಯವಲ್ಲ. ಗೆದ್ದವನ ಪ್ರಶಸ್ತಿಯೂ ಸೋತವನ ಶೋಕವೂ ಒಂದೇ ಕಾವ್ಯದಲ್ಲಿ ಇರಬಲ್ಲವು ಎಂಬುದಕ್ಕೆ ಸಾವಿರ ವರ್ಷ ಹಿಂದಿನ ಕನ್ನಡದಲ್ಲಿ ಪುರಾವೆಯಿದೆ.

ಸಿನಿಮಾದಲ್ಲಿ ಇದು ನಡೆದಾಗ ಏನಾಗುತ್ತದೆ ಎಂಬುದನ್ನು 1930ರ ಬರ್ಲಿನ್ ತೋರಿಸಿತು. ರೆಮಾರ್ಕನ ಕಾದಂಬರಿಯನ್ನಾಧರಿಸಿ ಲೂಯಿಸ್ ಮೈಲ್‌ಸ್ಟೋನ್ ಅಮೆರಿಕದಲ್ಲಿ ತಯಾರಿಸಿದ ‘ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್’ ಚಿತ್ರದಲ್ಲಿ ಜರ್ಮನ್ ಯುವಕನೊಬ್ಬ ಗುಂಡಿಯೊಂದರಲ್ಲಿ ಫ್ರೆಂಚ್ ಸೈನಿಕನನ್ನು ಇರಿದು, ಅವನು ಸಾಯುವವರೆಗೆ ಪಕ್ಕದಲ್ಲೇ ಕುಳಿತು ಕ್ಷಮೆ ಬೇಡುತ್ತಾನೆ. ಡಿಸೆಂಬರಿನಲ್ಲಿ ಆ ಚಿತ್ರ ಬರ್ಲಿನ್ನಿನಲ್ಲಿ ಪ್ರದರ್ಶನವಾಗುತ್ತಿದ್ದಾಗ ಗೋಬೆಲ್ಸನ ನೇತೃತ್ವದಲ್ಲಿ ನಾತ್ಸಿಗಳು ಚಿತ್ರಮಂದಿರದೊಳಗೆ ಬಿಳಿ ಇಲಿಗಳನ್ನೂ ದುರ್ನಾತದ ಬಾಂಬುಗಳನ್ನೂ ಬಿಟ್ಟರು. ಕೆಲವೇ ದಿನಗಳಲ್ಲಿ ಸೆನ್ಸಾರ್ ಮಂಡಳಿ ಚಿತ್ರವನ್ನು ನಿಷೇಧಿಸಿತು. ಆಗಿನ್ನೂ ಹಿಟ್ಲರ್ ಅಧಿಕಾರಕ್ಕೆ ಬಂದಿರಲಿಲ್ಲ ಎಂಬುದನ್ನು ಗಮನಿಸಬೇಕು. ಜರ್ಮನ್ ಸೈನಿಕರ ಸಾವನ್ನು ಅಷ್ಟು ಆರ್ದ್ರವಾಗಿ ತೋರಿಸಿದ ಚಿತ್ರವನ್ನು ಜರ್ಮನ್ ರಾಷ್ಟ್ರವಾದಿಗಳೇ ಸಹಿಸಲಿಲ್ಲ, ಏಕೆಂದರೆ ಆ ಶೋಕವನ್ನು ಮುಂದಿನ ಯುದ್ಧಕ್ಕೆ ಇಂಧನವಾಗಿ ಬಳಸಲು ಬರುತ್ತಿರಲಿಲ್ಲ.

ಕ್ಲಿಂಟ್ ಈಸ್ಟ್‌ವುಡ್ 2006ರಲ್ಲಿ ಇವೊ ಜಿಮಾ ದ್ವೀಪದ ಒಂದೇ ಯುದ್ಧವನ್ನು ಕುರಿತು, ಒಂದು ಅಮೆರಿಕದ ಕಡೆಯಿಂದ, ಒಂದು ಜಪಾನಿನ ಕಡೆಯಿಂದ, ಎರಡು ಚಿತ್ರಗಳನ್ನು ಮಾಡಿದರು. ಎರಡನೆಯದಾದ ‘ಲೆಟರ್ಸ್ ಫ್ರಮ್ ಇವೊ ಜಿಮಾ’ದಲ್ಲಿ ಗಾಯಗೊಂಡು ಸತ್ತ ಅಮೆರಿಕನ್ ಸೈನಿಕನ ಬಳಿ ಅವನ ತಾಯಿಯ ಕಾಗದ ಸಿಗುತ್ತದೆ. ಜಪಾನೀ ಅಧಿಕಾರಿಯೊಬ್ಬ ಅದನ್ನು ತನ್ನ ಭಾಷೆಗೆ ತಿರುಗಿಸಿ ಓದುತ್ತಾನೆ. ಕೇಳಿದ ಸೈನಿಕರು ಒಬ್ಬೊಬ್ಬರಾಗಿ ಮಾತಿಲ್ಲದೆ ಎದ್ದು ನಿಲ್ಲುತ್ತಾರೆ. ಅವರ ತಾಯಂದಿರೂ ಅವೇ ಮಾತುಗಳನ್ನು ಬರೆದಿರುತ್ತಾರೆ. ‘ಬಾರ್ಡರ್’ ಚಿತ್ರದ ಕಾಗದವೂ ಇದೂ ಒಂದೇ ಬಗೆಯ ಕಾಗದ. ಓದುವವನು ಬೇರೆಯಾದುದರಿಂದ ಅದರ ರಾಜಕಾರಣ ಬೇರೆಯಾಗಿದೆ. ಆದರೆ ಈ ಚಿತ್ರವನ್ನು ಹೊಗಳುವಾಗ ಒಂದು ಎಚ್ಚರ ಬೇಕು. ಯುದ್ಧ ಮುಗಿದು ಅರವತ್ತೊಂದು ವರ್ಷಗಳಾಗಿದ್ದವು, ಜಪಾನ್ ಅಮೆರಿಕದ ಮಿತ್ರರಾಷ್ಟ್ರವಾಗಿತ್ತು. ಹಗೆ ತಣ್ಣಗಾದ ಮೇಲೆ ಹಗೆಯವನ ತಾಯಿಗಾಗಿ ಅಳುವುದು ಕಷ್ಟವಲ್ಲ. ಹಗೆ ಬಿಸಿಯಾಗಿರುವಾಗ ಅಳುವುದು ಸಾಧ್ಯವೇ ಎಂಬ ಪ್ರಶ್ನೆಗೆ ಭಾರತದ ಜನಪ್ರಿಯ ಸಿನಿಮಾ ಇನ್ನೂ ತೃಪ್ತಿಕರವಾದ ಉತ್ತರ ಕೊಟ್ಟಿಲ್ಲ. ಹಾಗೆಯೇ ಶತ್ರುವಿಗಾಗಿ ಅಳದ ಚಿತ್ರವೆಲ್ಲ ಕೀಳೆಂದೂ ಹೇಳಲಾಗದು. ಎಲೆಮ್ ಕ್ಲಿಮೋವನ ‘ಕಮ್ ಅಂಡ್ ಸೀ’ (1985) ಬೆಲಾರೂಸಿನಲ್ಲಿ ನಾತ್ಸಿಗಳು ಜನರ ಸಮೇತ ಸುಟ್ಟ 628 ಹಳ್ಳಿಗಳನ್ನು ನೆನೆಯುತ್ತದೆ. ಅಲ್ಲಿ ಸುಟ್ಟವರಿಗಾಗಿ ಕಣ್ಣೀರಿಲ್ಲ, ಇರಬೇಕೆಂದು ಬಯಸುವುದೂ ಅನ್ಯಾಯ. ಬಾಲಕನ ಮುಖ ಚಿತ್ರ ಮುಗಿಯುವುದರೊಳಗೆ ಮುದುಕನ ಮುಖವಾಗಿಬಿಡುತ್ತದೆ. ಅದನ್ನು ನೋಡಿದವನಲ್ಲಿ ಹುರುಪು ಹುಟ್ಟುವುದಿಲ್ಲ.

ಚಿತ್ರದ ಅರ್ಥವನ್ನು ಚಿತ್ರವೊಂದೇ ನಿರ್ಧರಿಸುವುದಿಲ್ಲ ಎಂಬುದೂ ನಿಜ. ವಸಾಹತುಶಾಹಿಯ ವಿರುದ್ಧದ ಹೋರಾಟವನ್ನು ಚಿತ್ರಿಸಿದ ಪೊಂಟೆಕೊರ್ವೊನ ‘ಬ್ಯಾಟಲ್ ಆಫ್ ಆಲ್ಜಿಯರ್ಸ್’ (1966) ಚಿತ್ರವನ್ನು 2003ರಲ್ಲಿ ಪೆಂಟಗನ್ನಿನಲ್ಲಿ ಅಧಿಕಾರಿಗಳಿಗೆ ತೋರಿಸಲಾಯಿತು. ಇರಾಕಿನಲ್ಲಿ ಎದುರಾಗಿದ್ದ ಪ್ರತಿರೋಧವನ್ನು ಅರಿಯಲು ಅವರಿಗೆ ಅದು ಬೇಕಾಗಿತ್ತು. ಬಂಡುಕೋರರ ಪಠ್ಯ ಹೀಗೆ ಆಳುವವರ ಪಠ್ಯಪುಸ್ತಕವೂ ಆಗಬಲ್ಲದು.

ಕನ್ನಡ ಸಿನಿಮಾದಲ್ಲಿ ಯುದ್ಧಚಿತ್ರಗಳ ಸಂಖ್ಯೆ ಕಡಿಮೆ. ಇರುವವುಗಳಲ್ಲಿ ಎಸ್. ವಿ. ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ (1990) ವಿಶಿಷ್ಟ ಸ್ಥಾನ ಪಡೆದಿದೆ. ಕೊಡಗಿನ ಯೋಧ ಅಚ್ಚಪ್ಪನಾಗಿ ವಿಷ್ಣುವರ್ಧನ್, ದಾದಿ ಅನ್ನಪೂರ್ಣಳಾಗಿ ಸುಹಾಸಿನಿ ಅಭಿನಯಿಸಿದ ಈ ಚಿತ್ರ ಯುದ್ಧಗಳು ಒಂದು ಸಂಸಾರವನ್ನು ಹೇಗೆ ತಿನ್ನುತ್ತ ಹೋದವು ಎಂಬುದನ್ನು ನಿಧಾನವಾಗಿ ಹೇಳುತ್ತದೆ. ಮಾಸ್ತಿಕಲ್ಲಿನ ಪರಂಪರೆಯಲ್ಲಿ ಹೆಂಡತಿಯ ಶೋಕಕ್ಕೆ ಸ್ವಂತ ಅಸ್ತಿತ್ವವಿಲ್ಲ. ಬಳೆ ತೊಟ್ಟು ಮೇಲೆತ್ತಿದ ಕೈಯಾಗಿ ಅದು ಗಂಡನ ವೀರಕ್ಕೆ ಮುದ್ರೆಯೊತ್ತುತ್ತದೆ. ಬಹುಪಾಲು ಯುದ್ಧಚಿತ್ರಗಳ ಕಾಗದ ಬರೆಯುವ ಹೆಂಡತಿಯರೂ ಇದೇ ಕಲ್ಲಿನವರು. ಅನ್ನಪೂರ್ಣ ಮಾತ್ರ ಗಾಯಗಳನ್ನು ಕಟ್ಟಿದವಳು, ಯುದ್ಧವನ್ನು ಅದರ ಕೀವು ರಕ್ತಗಳಲ್ಲಿ ಬಲ್ಲವಳು. ಅವಳ ದುಃಖದ ಹಿಂದೆ ಆ ತಿಳಿವಳಿಕೆ ಇರುವುದರಿಂದಲೇ ಅದನ್ನು ಘೋಷಣೆಯಾಗಿ ಪರಿವರ್ತಿಸುವುದು ಸುಲಭವಲ್ಲ. ಹಂಸಲೇಖರ ರಚನೆಗೆ ಬಾಲಮುರಳಿಕೃಷ್ಣ ದನಿಗೂಡಿಸಿದ ಆ ಚಿತ್ರದ ಹಾಡು ಯಾವ ರಾಜಕೀಯ ಸಭೆಗೂ ಒದಗಿಬರುವಂಥದಲ್ಲ.

ಕೊಡಗಿನದೇ ಆದ ಇನ್ನೊಂದು ಪ್ರಸಂಗ ರನ್ನನ ರಣಭೂಮಿಯನ್ನು ವಿಚಿತ್ರ ರೀತಿಯಲ್ಲಿ ನೆನಪಿಗೆ ತರುತ್ತದೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋಗಿ ಮರಳಲಿಲ್ಲ. ಕಾಣೆಯಾದವರ ಪಟ್ಟಿಯಲ್ಲಿ ಅವರ ಹೆಸರು ಸೇರಿತು. ಅವರು ತಮ್ಮ ಹಳೆಯ ಮಿಸ್ಟೇರ್ ವಿಮಾನದಿಂದ, ತನಗಿಂತ ಬಹುಪಾಲು ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿದ್ದರು ಎಂಬ ಸಂಗತಿ ಭಾರತಕ್ಕೆ ತಿಳಿದದ್ದು ಶತ್ರುಪಕ್ಷದ ಮೂಲಕ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಪಡೆಯ ದೃಷ್ಟಿಯಿಂದ ಬರೆದು 1979ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ಕಾಳಗದ ವಿವರವಿತ್ತು. 1988ರಲ್ಲಿ, ಇಪ್ಪತ್ತಮೂರು ವರ್ಷಗಳ ನಂತರ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಅಭಿಮನ್ಯುವಿನ ಪರಾಕ್ರಮಕ್ಕೆ ದುರ್ಯೋಧನ ಸಾಕ್ಷಿ ನುಡಿದಂತೆ ಇಲ್ಲಿಯೂ ಸಾಕ್ಷಿ ಬಂದದ್ದು ಎದುರುಗಡೆಯಿಂದ. 2025ರಲ್ಲಿ ಈ ಘಟನೆಯಿಂದ ಪ್ರೇರಿತವಾದ ಹಿಂದಿ ಚಿತ್ರ ‘ಸ್ಕೈ ಫೋರ್ಸ್’ ತೆರೆಗೆ ಬಂದಾಗ ನಾಯಕನ ಹೆಸರು ದೇವಯ್ಯ ಎಂದಿರಲಿಲ್ಲ. ಕನ್ನಡ ವಿಭಾಗಗಳ ತರಗತಿಗಳಲ್ಲಿ ಗದಾಯುದ್ಧದ ಪಾಠ ಇಂದಿಗೂ ನಡೆಯುತ್ತಿದೆ. ಅದನ್ನು ಕೇಳುವ ವಿದ್ಯಾರ್ಥಿ ಅದೇ ವಾರ ಇಂಥದೊಂದು ಚಿತ್ರ ನೋಡಿ ಅತ್ತು ಬಂದಿರುತ್ತಾನೆ. ಹೆಣಗಳ ನಡುವೆ ನಡೆಯುವ ದುರ್ಯೋಧನನ ಪಾಠವನ್ನು ಆ ಅಳುವಿನ ಎದುರು ಇಟ್ಟು ಓದಿಸುವ ಪತ್ರಿಕೆಯೊಂದು ಪಠ್ಯಕ್ರಮದಲ್ಲಿ ಸೇರಿಕೊಳ್ಳಲು ಬೇಕಾದ ಸಾಮಗ್ರಿಯೆಲ್ಲ ಕನ್ನಡದಲ್ಲಿ ಈಗಾಗಲೇ ಇದೆ.